ಹಸುವಿಗೆ ನಾಟಿದ ಔಷಧ ನಮಗೇಕೆ ನಾಟುವುದಿಲ್ಲ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರದ ಕಡೆಯ ಹಳ್ಳಿ. ಅಪ್ಪ ಎರಡು ಎಚ್‌.ಎಫ್‌. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಹಿಂದಿನ ಸಲ ಒಂದು ಹಸು ಕರು ಹಾಕಿದ ಮೇಲೆ ಕಸ (ಮಾಸು) ಬೀಳಲಿಲ್ಲ, ಹಿಂದೆಯೇ ಕೆಚ್ಚಲು ಬಾವೂ ಬಂತು. ಈ ಸಲ ಡಾಕ್ಟರು ಮುಂಚೆಯೇ ವಿಟಮಿನ್‌ ಇ–ಸೆಲೆನಿಯಂ ಇಂಜೆಕ್ಷನ್‌ ಕೊಟ್ಟರು, ಏನೂ ತೊಂದರೆಯಾಗಲಿಲ್ಲ. ಅದು ಆಂಟಿಆಕ್ಸಿಡೆಂಟ್‌, ರೋಗನಿರೋಧಕ ಶಕ್ತಿಗೆ ಒಳ್ಳೆಯದು ಎಂದರು. ನಾನು ಯಲಹಂಕದಲ್ಲಿದ್ದೇನೆ, ಸಾಫ್ಟ್‌ವೇರ್‌ ಕೆಲಸ. ವರ್ಷದಿಂದ ಆಂಟಿಆಕ್ಸಿಡೆಂಟ್‌ ಕ್ಯಾಪ್ಸೂಲ್‌ ನುಂಗುತ್ತಿದ್ದೇನೆ, ನೆಗಡಿ ಮಾತ್ರ ತಪ್ಪಿಲ್ಲ. ಹಸುವಿಗೆ ನಾಟಿದ್ದು ನನಗೇಕೆ ನಾಟಲಿಲ್ಲ? ಅಪ್ಪನಿಗೆ ಬೀಡಿ ಅಭ್ಯಾಸ, ಸಕ್ಕರೆ ಕಾಯಿಲೆಯೂ ಇದೆ. ಅವರಿಗೂ ಇದನ್ನೇ ಕೊಡಿಸಲೇ? ಹಸುವಿಗೆ ತಂದ ಸೆಲೆನಿಯಂ ಪುಡಿ ಅರ್ಧ ಉಳಿದಿದೆ, ಮನೆಯ ನಾಯಿಗೆ ಹಾಕಬಹುದೇ? ಇನ್ನೊಂದು ಹಸು ಎರಡು ತಿಂಗಳಲ್ಲಿ ಕರು ಹಾಕಲಿದೆ.

ಉತ್ತರ: ಅಪ್ಪನ ವಿಷಯ ಮೊದಲು ಮುಗಿಸಿಬಿಡೋಣ, ಅದರಲ್ಲಿ ತಡ ಮಾಡುವಂತಿಲ್ಲ. ಬೀಡಿ ಸೇದುವವರಿಗೆ ಆ ಕ್ಯಾಪ್ಸೂಲ್‌ ಕೊಡಿಸಬೇಡಿ. ನಾಯಿಗೆ ಪುಡಿಯನ್ನೂ ಹಾಕಬೇಡಿ. ಎರಡಕ್ಕೂ ಕಾರಣ ಮುಂದೆ ಹೇಳುತ್ತೇನೆ. ನಾನು ಪಶುರೋಗಶಾಸ್ತ್ರದವನು. ಮನುಷ್ಯರಿಗೆ ಚೀಟಿ ಬರೆಯುವುದು ನನ್ನ ಕೆಲಸವಲ್ಲ. ಆದರೆ ಈ ವಿಷಯದಲ್ಲಿ ಹಟ್ಟಿಯ ಕಥೆಯೂ ಆಸ್ಪತ್ರೆಯ ಕಥೆಯೂ ಒಂದೇ ದಾರಿಯಲ್ಲಿ ಸಾಗುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾಗದು.

ಚುಟುಕಾಗಿ ಹೇಳುವುದಾದರೆ, ನಿಮ್ಮ ಹಸುವಿಗೆ ಕೊರತೆ ಇದ್ದಿರಬಹುದು, ಇಂಜೆಕ್ಷನ್‌ ಅದನ್ನು ತುಂಬಿತು. ನಿಮಗೆ ಬಹುಶಃ ಆ ಕೊರತೆ ಇಲ್ಲ. ಸಾರಜನಕ ಸೊರಗಿದ ರಾಗಿ ಹೊಲಕ್ಕೆ ಯೂರಿಯಾ ಚೆಲ್ಲಿದರೆ ಪೈರು ಎದ್ದು ನಿಲ್ಲುತ್ತದೆ. ಚೆನ್ನಾಗಿರುವ ಹೊಲಕ್ಕೆ ಅದೇ ಯೂರಿಯಾ ಸುರಿದರೆ ಪೈರು ಮಲಗುತ್ತದೆ, ಹುಳ ಬೀಳುತ್ತದೆ. ನಿಮ್ಮ ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ವಿವರಕ್ಕೆ ಬರೋಣ. ಆಂಟಿಆಕ್ಸಿಡೆಂಟ್‌ ಎಂದರೆ ಒಳ್ಳೆಯದು, ಫ್ರೀ ರ್‍ಯಾಡಿಕಲ್‌ ಎಂದರೆ ಕೆಟ್ಟದ್ದು ಎಂದು ಜಾಹೀರಾತುಗಳು ನಮ್ಮ ತಲೆಯಲ್ಲಿ ಕೂರಿಸಿವೆ. ಫ್ರೀ ರ್‍ಯಾಡಿಕಲ್‌ಗಳು ಆಮ್ಲಜನಕದಿಂದ ಹುಟ್ಟಿ, ಸಿಕ್ಕಿದ್ದನ್ನು ಸುಡುವ ಚುರುಕು ಅಣುಗಳು. ಆ ಸುಡುವಿಕೆಯೇ ಆಕ್ಸಿಡೇಶನ್‌, ಅದನ್ನು ತಡೆಯುವುದು ಆಂಟಿಆಕ್ಸಿಡೆಂಟ್‌. 1956ರಲ್ಲಿ ಡೆನ್‌ಹಮ್‌ ಹಾರ್ಮನ್‌ ಎಂಬ ಅಮೆರಿಕದ ವಿಜ್ಞಾನಿ, ನಮಗೆ ಮುಪ್ಪು ಬರುವುದು ಇಂಥ ಅಣುಗಳ ಹಾವಳಿಯಿಂದ ಎಂದು ವಾದಿಸಿದರು. ಈ ಕಥೆಯ ಅರ್ಧ ಭಾಗ ಮಾತ್ರ ಅಂಗಡಿಗೆ ಬಂತು. ಬಾರದ ಇನ್ನರ್ಧ ಏನೆಂದರೆ, ನಮ್ಮ ದೇಹ ಈ ಅಣುಗಳನ್ನು ಬೇಕೆಂದೇ ತಯಾರಿಸುತ್ತದೆ, ರೋಗಾಣುಗಳನ್ನು ಕೊಲ್ಲಲು.

ಕೆಚ್ಚಲು ಬಾವನ್ನೇ ನೋಡಿ. ಮೊಲೆತೊಟ್ಟಿನ ರಂಧ್ರದಿಂದ ಬ್ಯಾಕ್ಟೀರಿಯಾ ಒಳಹೊಕ್ಕ ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್‌ ಎಂಬ ಬಿಳಿ ರಕ್ತಕಣಗಳು ಕೆಚ್ಚಲಿಗೆ ನುಗ್ಗುತ್ತವೆ. ಒಂದೊಂದೂ ಬ್ಯಾಕ್ಟೀರಿಯಾವನ್ನು ನುಂಗಿ, ತನ್ನೊಳಗಿನ ಪುಟ್ಟ ಚೀಲದಲ್ಲಿ ಕೂಡಿಹಾಕಿ, ಆ ಚೀಲಕ್ಕೆ ಸೂಪರ್‌ಆಕ್ಸೈಡ್‌ ಎಂಬ ಫ್ರೀ ರ್‍ಯಾಡಿಕಲ್‌ ಸುರಿಯುತ್ತದೆ. ಅದರಿಂದ ಹೈಡ್ರೋಜನ್‌ ಪೆರಾಕ್ಸೈಡ್‌, ಅದರಿಂದ ಹೈಪೋಕ್ಲೋರಸ್‌ ಆಮ್ಲ. ಬಟ್ಟೆ ಬಿಳುಪು ಮಾಡುವ ಬ್ಲೀಚಿನಲ್ಲಿ ಕೆಲಸ ಮಾಡುವುದೂ ಇದೇ ಪದಾರ್ಥ. ಈ ಕೊನೆಯ ಹಂತವನ್ನು ಮಾಡಿಸುವ ಮೈಲೋಪೆರಾಕ್ಸಿಡೇಸ್‌ ಎಂಬ ಕಿಣ್ವದ ಬಣ್ಣ ಹಸಿರು. ಕೀವಿಗೂ ಗಟ್ಟಿ ಕಫಕ್ಕೂ ಹಸಿರು ಛಾಯೆ ಬರುವುದು ಅದರಿಂದಲೇ.

ಹಟ್ಟಿಯಲ್ಲೇ ಇದನ್ನು ಕಣ್ಣಾರೆ ನೋಡಬಹುದು. ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್‌ ಪರೀಕ್ಷೆ ಎಂದು ಡಾಕ್ಟರುಗಳು ಮಾಡುತ್ತಾರೆ. ನಾಲ್ಕು ಗುಂಡಿಗಳ ಪ್ಲಾಸ್ಟಿಕ್‌ ತಟ್ಟೆ, ಒಂದೊಂದು ಮೊಲೆಗೆ ಒಂದೊಂದು ಗುಂಡಿ. ಹಾಲು ಹಿಂಡಿ, ಅಷ್ಟೇ ಪ್ರಮಾಣದ ನೇರಳೆ ದ್ರಾವಣ ಹಾಕಿ ತಟ್ಟೆಯನ್ನು ನಿಧಾನಕ್ಕೆ ತಿರುಗಿಸಬೇಕು. ಒಳ್ಳೆಯ ಹಾಲು ನೀರಿನಂತೆಯೇ ಸುತ್ತುತ್ತದೆ. ಸೋಂಕಿರುವ ಮೊಲೆಯ ಹಾಲು ಕಣ್ಣೆದುರೇ ಲೋಳೆಯಾಗಿ, ಗುಂಡಿಯ ನಡುವೆ ಗುಡ್ಡೆ ಕಟ್ಟುತ್ತದೆ. ದ್ರಾವಣದಲ್ಲಿರುವ ಸಾಬೂನಿನಂಥ ವಸ್ತು ನ್ಯೂಟ್ರೋಫಿಲ್‌ಗಳನ್ನು ಒಡೆಯುತ್ತದೆ, ಅವುಗಳ ಡಿಎನ್‌ಎ ಹೊರಬಂದು ಹೆಣೆದುಕೊಳ್ಳುತ್ತದೆ. ನೀವು ನೋಡುವ ಆ ಲೋಳೆ, ಕಾದಾಡಲು ಬಂದ ಕಣಗಳ ಡಿಎನ್‌ಎ. ಆರೋಗ್ಯವಂತ ಕೆಚ್ಚಲಿನ ಹಾಲಿನಲ್ಲಿ ಒಂದು ಮಿಲಿಲೀಟರಿಗೆ ಇಂಥ ಕಣಗಳು ಸಾಮಾನ್ಯವಾಗಿ 2 ಲಕ್ಷಕ್ಕಿಂತ ಕಡಿಮೆ. ಬಾವು ಬಂದಾಗ ಅನೇಕ ಪಟ್ಟು ಹೆಚ್ಚು.

ಸೂಪರ್‌ಆಕ್ಸೈಡ್‌ ತಯಾರಿಸುವ ಶಕ್ತಿಯೇ ಇಲ್ಲದೆ ಹುಟ್ಟುವ ಮಕ್ಕಳೂ ಇದ್ದಾರೆ. ಕ್ರಾನಿಕ್‌ ಗ್ರ್ಯಾನುಲೋಮಾಟಸ್‌ ಡಿಸೀಸ್‌ ಎಂಬ ವಂಶವಾಹಿ ದೋಷ ಅದು. ನ್ಯೂಟ್ರೋಫಿಲ್‌ಗಳು ಬರುತ್ತವೆ, ನುಂಗುತ್ತವೆ, ಆದರೆ ಕೊಲ್ಲಲಾರವು. ಆ ಮಕ್ಕಳಿಗೆ ಪದೇ ಪದೇ ಕುರು, ನ್ಯುಮೋನಿಯಾ, ಶಿಲೀಂಧ್ರದ ಸೋಂಕು. ಎಲ್ಲ ಮಕ್ಕಳಿಗೂ ಹಾಕುವ ಬಿಸಿಜಿ ಲಸಿಕೆಯೇ ಕೆಲವರಲ್ಲಿ ಕಾಯಿಲೆಯಾಗಿ ಹಬ್ಬುವುದುಂಟು. ಫ್ರೀ ರ್‍ಯಾಡಿಕಲ್‌ಗಳನ್ನೆಲ್ಲ ಅಳಿಸಿಹಾಕಿದರೆ ಆರೋಗ್ಯ ಬರುತ್ತದೆ ಎನ್ನುವವರು ಆ ಮಕ್ಕಳ ವಾರ್ಡಿಗೆ ಒಮ್ಮೆ ಹೋಗಿಬರಬೇಕು.

ಹಾಗಾದರೆ ಆಂಟಿಆಕ್ಸಿಡೆಂಟ್‌ಗಳಿಗೆ ಇಲ್ಲಿ ಏನು ಕೆಲಸ? ಬ್ಲೀಚ್‌ ಎರಚುವ ಕಣ ತಾನೇ ಸುಟ್ಟುಹೋಗಬಾರದಲ್ಲ. ಅದಕ್ಕೇ ನ್ಯೂಟ್ರೋಫಿಲ್‌ ತನ್ನೊಳಗೆ ವಿಟಮಿನ್‌ ಸಿಯನ್ನು ರಕ್ತದ್ರವದಲ್ಲಿರುವುದಕ್ಕಿಂತ 50ರಿಂದ 100 ಪಟ್ಟು ಕೂಡಿಟ್ಟುಕೊಂಡಿರುತ್ತದೆ. ಕಣದ ಪೊರೆ ಕೊಬ್ಬಿನದು, ಅದನ್ನು ಕಾಯುವುದು ಕೊಬ್ಬಿನಲ್ಲಿ ಕರಗುವ ವಿಟಮಿನ್‌ ಇ. ಚೆಲ್ಲಿಹೋದ ಪೆರಾಕ್ಸೈಡನ್ನು ನೀರಾಗಿಸುವುದು ಗ್ಲುಟಾಥಯೋನ್‌ ಪೆರಾಕ್ಸಿಡೇಸ್‌ ಎಂಬ ಕಿಣ್ವ. ಅದರ ನಡುಮಧ್ಯೆ ಒಂದು ಸೆಲೆನಿಯಂ ಪರಮಾಣು ಇರಲೇಬೇಕು. ಸೆಲೆನಿಯಂ ಇಲ್ಲದೆ ಆ ಕಿಣ್ವ ನಡೆಯುವುದಿಲ್ಲ ಎಂದು ತಿಳಿದದ್ದು 1973ರಲ್ಲಿ. ಕೊಲ್ಲುವ ಸಾಮಾನು, ಕಾಯುವ ಸಾಮಾನು ಎರಡೂ ಒಂದೇ ಕಣದೊಳಗೆ, ಅಳತೆ ಮಾಡಿ ಇಟ್ಟಂತೆ ಇವೆ. ಅಳತೆ ಯಾವ ಕಡೆ ತಪ್ಪಿದರೂ ಕೇಡೇ.

ಕರು ಹಾಕುವ ಹಸುವಿನಲ್ಲಿ ಅದು ಒಂದು ಕಡೆಗೆ ತಪ್ಪುತ್ತದೆ. ಹೆರಿಗೆಗೆ ಮೂರು ವಾರ ಹಿಂದು, ಮೂರು ವಾರ ಮುಂದು ಹಸುವಿನ ಬಾಳಿನಲ್ಲೇ ಕಷ್ಟದ ಕಾಲ. ಮೇವು ತಿನ್ನುವುದು ಕಡಿಮೆಯಾಗುತ್ತದೆ. ಮೈಯಲ್ಲಿದ್ದ ವಿಟಮಿನ್‌ ಎ, ವಿಟಮಿನ್‌ ಇ ಎರಡೂ ಗಿಣ್ಣು ಹಾಲಿಗೆ ಹರಿದುಹೋಗುತ್ತವೆ. ರಕ್ತದಲ್ಲಿ ವಿಟಮಿನ್‌ ಇ ಮಟ್ಟ ತೀರಾ ಕೆಳಗಿಳಿಯುವುದು ಕರು ಹಾಕುವ ಆಸುಪಾಸಿನ ದಿನಗಳಲ್ಲೇ. ನಮ್ಮ ಕಡೆ ಇದರ ಮೇಲೆ ಇನ್ನೊಂದು ಸೇರುತ್ತದೆ. ಹಸಿ ಹುಲ್ಲಿನಲ್ಲಿ ವಿಟಮಿನ್‌ ಇ ಧಾರಾಳ, ಆದರೆ ಬಿಸಿಲಲ್ಲಿ ಒಣಗಿ ಬಣವೆ ಸೇರುವಷ್ಟರಲ್ಲಿ ಬಹುಪಾಲು ಹೋಗಿಬಿಟ್ಟಿರುತ್ತದೆ. ರಾಗಿ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಸುಣ್ಣದಂಶವೂ ಕೊಡುತ್ತದೆ, ವಿಟಮಿನ್‌ ಇ ಮಾತ್ರ ಕೊಡಲಾರದು. ಬೇಸಿಗೆಯಲ್ಲಿ ಹಸಿರು ಕಾಣದೆ ಬರಿ ರಾಗಿ ಹುಲ್ಲು, ಬೂಸಾ ತಿಂದ ಹಸು ಏಪ್ರಿಲ್‌, ಮೇನಲ್ಲಿ ಕರು ಹಾಕಿದರೆ ಅದು ಬರಿಗೈಲಿ ಯುದ್ಧಕ್ಕೆ ಹೋದ ಹಾಗೆಯೇ.

ಕಸ ಬೀಳದಿರುವುದೂ ಇದಕ್ಕೇ ಸೇರಿದ್ದು, ಇದು ಅನೇಕರಿಗೆ ಹೊಸದೆನಿಸಬಹುದು. ಮಾಸು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಳ್ಳಬೇಕಾದರೆ, ತಾಯಿಯ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನ ವಸ್ತು ಎಂದು ಗುರುತಿಸಿ ನ್ಯೂಟ್ರೋಫಿಲ್‌ಗಳನ್ನು ಕಳಿಸಬೇಕು. 2002ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದು ಇದನ್ನೇ: ಕಸ ಉಳಿಸಿಕೊಂಡ ಹಸುಗಳ ನ್ಯೂಟ್ರೋಫಿಲ್‌ಗಳು ಕರು ಹಾಕುವ ಮುಂಚಿನಿಂದಲೂ ಮಂದವಾಗಿದ್ದವು. ನಿಮ್ಮ ಹಸುವಿಗೆ ಕಸ ಬೀಳದೆ, ಹಿಂದೆಯೇ ಕೆಚ್ಚಲು ಬಾವು ಬಂದದ್ದು ಎರಡು ಬೇರೆ ಬೇರೆ ದುರದೃಷ್ಟ ಆಗಿರಲಾರದು, ಒಂದೇ ದುರ್ಬಲತೆ ಎರಡು ಕಡೆ ಕಾಣಿಸಿಕೊಂಡಿರಬಹುದು. (ಕೈ ಹಾಕಿ ಕಸ ಎಳೆಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಎಳೆದರೆ ಗರ್ಭಕೋಶ ಗಾಯವಾಗಿ ಸೋಂಕು ಏರುತ್ತದೆ. ಮತ್ತೆ ಹಾಗಾದರೆ ಎಳೆಯಲು ಬಿಡಬೇಡಿ, ಜ್ವರ ಇದೆಯೇ ಎಂದು ಡಾಕ್ಟರಿಂದ ನೋಡಿಸಿ.)

ಇಂಜೆಕ್ಷನ್ನಿಗೆ ಪುರಾವೆಯೂ ಇದೆ. 1984ರಲ್ಲಿ ಅಮೆರಿಕದ ಒಹಾಯೋದಲ್ಲಿ, ಸೆಲೆನಿಯಂ ಕಡಿಮೆಯಿರುವ ಮೇವು ತಿನ್ನುತ್ತಿದ್ದ ಹಸುಗಳಿಗೆ ಬತ್ತಿದ ಕಾಲದಲ್ಲಿ (ಕರು ಹಾಕುವ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿದ ದಿನಗಳಲ್ಲಿ) ದಿನಾ ವಿಟಮಿನ್‌ ಇ ಕೊಟ್ಟಾಗ ಕೆಚ್ಚಲು ಬಾವಿನ ಪ್ರಕರಣಗಳು ಶೇ 37ರಷ್ಟು ಇಳಿದವು. ಸೆಲೆನಿಯಂ ಇಂಜೆಕ್ಷನ್ನೂ ಜೊತೆಗೂಡಿದಾಗ, ಬಂದ ಬಾವು ವಾಸಿಯಾಗುವ ಅವಧಿ ಅರ್ಧಕ್ಕಿಂತ ಕಡಿಮೆಯಾಯಿತು. ಡಾಕ್ಟರು ಮಾಡಿದ್ದು ಸರಿ. ಆದರೂ ಒಂದು ಮಾತು ಸೇರಿಸಬೇಕು. ಒಂದೇ ಹಸುವಿಗೆ ಒಂದು ಸಲ ಏನೂ ಆಗಲಿಲ್ಲ ಎಂಬುದು ಇಂಜೆಕ್ಷನ್ನಿಗೆ ಸಾಕ್ಷಿಯಲ್ಲ. ಏನೂ ಕೊಡದಿದ್ದರೂ ಹೆಚ್ಚಿನ ಹಸುಗಳು ಕಸ ತಾವೇ ಹಾಕುತ್ತವೆ. ಗುಂಪು ಗುಂಪು ಹಸುಗಳನ್ನು ಹೋಲಿಸಿದ್ದರಿಂದ ಅದನ್ನು ನಂಬುತ್ತೇವೆ, ನಿಮ್ಮ ಹಟ್ಟಿಯಲ್ಲಿ ಸರಿಹೋಯಿತು ಎಂದಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು ಇನ್ನೊಂದು ಪ್ರಯೋಗ, ಹಸುಗಳ ಮೇಲೇ ನಡೆದದ್ದು. 2010ರಲ್ಲಿ ನೆದರ್ಲೆಂಡ್ಸ್‌ನ ಐದು ಫಾರ್ಮುಗಳಲ್ಲಿ, ಬತ್ತಿದ ಹಸುಗಳಿಗೆ ಕೆಲವಕ್ಕೆ ದಿನಕ್ಕೆ 3,000 ಐ.ಯು. (ವಿಟಮಿನ್‌ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್‌ ಇ, ಉಳಿದವಕ್ಕೆ 135 ಐ.ಯು. ಕೊಟ್ಟು ನೋಡಿದರು. ಯಾವುದಕ್ಕೆ ಯಾವುದು ಎಂದು ಕೊಡುವವರಿಗೂ ಗೊತ್ತಿರಲಿಲ್ಲ. ಕಡೆಗೆ ಹೆಚ್ಚು ವಿಟಮಿನ್‌ ತಿಂದ ಹಸುಗಳಲ್ಲೇ ಕೆಚ್ಚಲು ಬಾವು ಹೆಚ್ಚು. ಮೊದಲೇ ಮೈಯಲ್ಲಿ ವಿಟಮಿನ್‌ ಇ ಚೆನ್ನಾಗಿದ್ದ ಹಸುಗಳಿಗೆ ಅದು ಹೊರೆಯಾಯಿತು. ಅದೇ ಪ್ರಾಣಿ, ಅದೇ ವಿಟಮಿನ್‌, ಅದೇ ಕಾಯಿಲೆ. ಕೊರತೆ ಇದ್ದ ಕಡೆ ಉಳಿಸಿತು, ಇಲ್ಲದ ಕಡೆ ಕೆಡಿಸಿತು. ಹಸುವಿಗೂ ನಿಮಗೂ ಇರುವ ವ್ಯತ್ಯಾಸಕ್ಕಿಂತ, ಕೊರತೆ ಇರುವ ಹಸುವಿಗೂ ಇಲ್ಲದ ಹಸುವಿಗೂ ಇರುವ ವ್ಯತ್ಯಾಸವೇ ದೊಡ್ಡದು.

ಮನುಷ್ಯರ ಕಥೆ ಇನ್ನೂ ಕಟುವಾದದ್ದು, ಇಲ್ಲಿಗೆ ನಿಮ್ಮ ಅಪ್ಪನ ಬೀಡಿ ಬರುತ್ತದೆ. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್‌ ಕಡಿಮೆ, ಅವರ ರಕ್ತದಲ್ಲಿ ಬೀಟಾ ಕ್ಯಾರೋಟಿನ್‌ ಎಂಬ ಆಂಟಿಆಕ್ಸಿಡೆಂಟ್‌ ಹೆಚ್ಚು ಎಂದು ಕಂಡುಬಂದಿತ್ತು. ಹಾಗಾದರೆ ಆ ಕ್ಯಾರೋಟಿನ್ನನ್ನೇ ಮಾತ್ರೆ ಮಾಡಿ ಕೊಟ್ಟರೆ? ಕ್ಯಾರೋಟಿನ್‌ ಎಂದರೆ ಹಸುವಿನ ತುಪ್ಪಕ್ಕೆ ಹಳದಿ ಬಣ್ಣ ಕೊಡುವ ವಸ್ತು. ಎಮ್ಮೆ ಅದನ್ನೆಲ್ಲ ವಿಟಮಿನ್‌ ಎ ಮಾಡಿಬಿಡುವುದರಿಂದ ಅದರ ತುಪ್ಪ ಬಿಳಿ. ಇಂಥ ನಿರುಪದ್ರವಿ ವಸ್ತುವಿನಿಂದ ಕೇಡಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ 5ರಿಂದ 8 ವರ್ಷ ಪ್ರಯೋಗಿಸಿ ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ, ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೋಟಿನ್‌ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ ಶೇ 18ರಷ್ಟು ಜಾಸ್ತಿ. ಆಕಸ್ಮಿಕವಿರಬಹುದು ಎಂದುಕೊಳ್ಳುವಷ್ಟರಲ್ಲಿ ಅಮೆರಿಕದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಧೂಮಪಾನಿಗಳು, ಕಲ್ನಾರಿನ ಕೆಲಸಗಾರರು ಸೇರಿ 18,314 ಮಂದಿ ಇದ್ದರು. ಬೀಟಾ ಕ್ಯಾರೋಟಿನ್‌, ವಿಟಮಿನ್‌ ಎ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ ಶೇ 28 ಹೆಚ್ಚು, ಸಾವು ಶೇ 17 ಹೆಚ್ಚು.

ಅಪ್ಪನ ಕೈಯಲ್ಲಿ ಆ ಕ್ಯಾಪ್ಸೂಲ್‌ ಇಡಬೇಡಿ ಎಂದದ್ದು ಇದಕ್ಕೆ. ಡಬ್ಬಿಯ ಹಿಂಬದಿ ಓದಿ, ಇಂಥ ಕ್ಯಾಪ್ಸೂಲ್‌ಗಳಲ್ಲಿ ಬೀಟಾ ಕ್ಯಾರೋಟಿನ್‌ ಇರುವುದು ಸಾಮಾನ್ಯ. ಅವರ ಶ್ವಾಸಕೋಶದಲ್ಲಿ ಈಗಾಗಲೇ ಕ್ಯಾನ್ಸರ್‌ ಕಣ ಒಂದೆರಡು ಹುಟ್ಟಿದ್ದರೆ? ಕ್ಯಾನ್ಸರ್‌ ಕಣಕ್ಕೂ ಆಕ್ಸಿಡೇಶನ್ನಿನ ಕಾಟ ಇದ್ದೇ ಇರುತ್ತದೆ, ಅದಕ್ಕೂ ಆಂಟಿಆಕ್ಸಿಡೆಂಟ್‌ ಬೇಕು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಶ್ವಾಸಕೋಶದ ಕ್ಯಾನ್ಸರ್‌ ಇದ್ದ ಇಲಿಗಳಿಗೆ ವಿಟಮಿನ್‌ ಇ ಕೊಟ್ಟಾಗ ಗಡ್ಡೆಗಳು ಬೇಗ ಬೆಳೆದವು, ಇಲಿಗಳು ಬೇಗ ಸತ್ತವು. ನಾವು ಮಿತ್ರನಿಗೆಂದು ಕಳಿಸಿದ ರೇಷನ್‌ ಶತ್ರುವಿನ ಮನೆಯನ್ನೂ ಸೇರುತ್ತದೆ. ಅಪ್ಪನಿಗೆ ನಿಮ್ಮಿಂದ ಆಗಬೇಕಾದ ಉಪಕಾರ ಬೀಡಿ ಬಿಡಿಸುವುದು. ಜೊತೆಗೆ, ವಿಟಮಿನ್‌ ಸಿ ಅತಿಯಾದರೆ ಬೆರಳು ಚುಚ್ಚಿ ನೋಡುವ ಕೆಲವು ಶುಗರ್‌ ಮೀಟರುಗಳು ಸಕ್ಕರೆಯನ್ನು ತಪ್ಪಾಗಿ ತೋರಿಸುತ್ತವೆ ಎಂಬುದೂ ನೆನಪಿರಲಿ.

ಗಂಡಸರ ಪ್ರಾಸ್ಟೇಟ್‌ ಕ್ಯಾನ್ಸರ್‌ ತಡೆಯಲೆಂದು 35,000ಕ್ಕೂ ಹೆಚ್ಚು ಮಂದಿಯ ಮೇಲೆ ವಿಟಮಿನ್‌ ಇ, ಸೆಲೆನಿಯಂ ಪ್ರಯೋಗಿಸಿದ್ದರ ಗತಿಯೂ ಇದೇ. ದಿನಕ್ಕೆ 400 ಐ.ಯು. ವಿಟಮಿನ್‌ ಇ ತಿಂದವರಲ್ಲಿ ಆ ಕ್ಯಾನ್ಸರ್‌ ಶೇ 17 ಹೆಚ್ಚೆಂದು 2011ರಲ್ಲಿ ವರದಿಯಾಯಿತು.

ನಿಮ್ಮ ನೆಗಡಿಗೆ ಬರೋಣ. ವಿಟಮಿನ್‌ ಸಿ ನೆಗಡಿ ತಡೆಯುತ್ತದೆ ಎಂಬ ಮಾತು ಜನರ ಬಾಯಿಗೆ ಬಿದ್ದದ್ದು 1970ರಲ್ಲಿ, ಎರಡು ನೊಬೆಲ್‌ ಪಡೆದ ಲೈನಸ್‌ ಪೌಲಿಂಗ್‌ ಅವರಿಂದ. ಅಷ್ಟು ದೊಡ್ಡವರು ಹೇಳಿದ್ದರಿಂದ ಪರೀಕ್ಷೆಗಳೂ ಬೇಕಾದಷ್ಟು ನಡೆದವು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಾ ನುಂಗಿದರೂ ಸಾಮಾನ್ಯರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ 8ರಷ್ಟು ಬೇಗ ಹೋಯಿತು, ಅಂದರೆ ಒಂದು ವಾರದ ನೆಗಡಿಯಲ್ಲಿ ಅರ್ಧ ದಿನ. ಮ್ಯಾರಥಾನ್‌ ಓಟಗಾರರು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕಿಳಿಯಿತು. ಅಂಥವರ ದೇಹಕ್ಕೆ ಮಿತಿಮೀರಿದ ದಣಿವು. ಇಲ್ಲೂ ಅದೇ ಲೆಕ್ಕ.

ದಿನಕ್ಕೆ 200 ಮಿ.ಗ್ರಾಂ ದಾಟಿದರೆ ರಕ್ತದಲ್ಲಿ ವಿಟಮಿನ್‌ ಸಿ ಹೆಚ್ಚೇನೂ ಏರುವುದಿಲ್ಲ, ಮಿಕ್ಕದ್ದು ಮೂತ್ರಕ್ಕೆ. ಒಂದು ಒಳ್ಳೆಯ ಸೀಬೆ ಹಣ್ಣಿನಲ್ಲೇ ಸುಮಾರು ಅಷ್ಟು ಇರುತ್ತದೆ. ನಮ್ಮ ಐಸಿಎಂಆರ್‌ 2020ರಲ್ಲಿ ಹೇಳಿದ ದಿನದ ಅಗತ್ಯ ಗಂಡಸರಿಗೆ 80 ಮಿ.ಗ್ರಾಂ, ಹೆಂಗಸರಿಗೆ 65. ಬಸ್ಸಾರಿನ ಸೊಪ್ಪನ್ನು ಕುದಿಸಿದರೆ ವಿಟಮಿನ್‌ ಸಿ ಬಹಳಷ್ಟು ಹೋಗುತ್ತದೆ ಎಂದು ಚಿಂತೆ ಬೇಡ, ಕೋಸಂಬರಿಗೆ ಹಿಂಡುವ ನಿಂಬೆ ಅದನ್ನು ತುಂಬಿಕೊಡುತ್ತದೆ.

ಕೋವಿಡ್‌ ಕಾಲದಲ್ಲಿ ಬೆಂಗಳೂರಿನ ಮೆಡಿಕಲ್‌ ಸ್ಟೋರುಗಳಲ್ಲಿ ವಿಟಮಿನ್‌ ಸಿ, ಸತುವಿನ ಮಾತ್ರೆ ಹುಡುಕಿದ್ದು ನಿಮಗೂ ನೆನಪಿರಬೇಕು. ಆಸ್ಪತ್ರೆಗೆ ದಾಖಲಾಗದ ರೋಗಿಗಳಿಗೆ ಎರಡನ್ನೂ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲಿ ಕಾಯಿಲೆ ಬೇಗ ವಾಸಿಯಾಗಲಿಲ್ಲ. ಐಸಿಯುನಲ್ಲಿ ನಂಜೇರಿದ 872 ರೋಗಿಗಳಿಗೆ ವಿಟಮಿನ್‌ ಸಿಯನ್ನು ರಕ್ತನಾಳಕ್ಕೇ ಕೊಟ್ಟ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಸತ್ತವರು ಅಥವಾ ಅಂಗಾಂಗ ಚೇತರಿಸಿಕೊಳ್ಳದವರು ವಿಟಮಿನ್‌ ಪಡೆದವರಲ್ಲಿ ಶೇ 44.5, ಪಡೆಯದವರಲ್ಲಿ ಶೇ 38.5.

ಇದನ್ನೆಲ್ಲ ಓದಿ ಆಂಟಿಆಕ್ಸಿಡೆಂಟ್‌ ಎಂಬುದೇ ಮೋಸ ಎಂದುಕೊಳ್ಳಬೇಡಿ. ಕೊರತೆ ನಿಜವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಅತಿ ಸೋಜಿಗವೆನಿಸುವ ಉದಾಹರಣೆ ಚೀನಾದ್ದು. 1935ರಲ್ಲಿ ಅಲ್ಲಿನ ಕೆಶಾನ್‌ ಎಂಬ ಕಡೆ ಮಕ್ಕಳೂ ಹೆರುವ ವಯಸ್ಸಿನ ಹೆಂಗಸರೂ ಹೃದಯ ಸೋತು ಸಾಯತೊಡಗಿದರು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆ ಎಂಬುದು ಆಮೇಲೆ ತಿಳಿಯಿತು. 1970ರ ದಶಕದಲ್ಲಿ ಮಕ್ಕಳಿಗೆ ಸೆಲೆನಿಯಂ ಮಾತ್ರೆ ಕೊಟ್ಟಾಗ ಕಾಯಿಲೆ ಇಳಿಯಿತು. ಆದರೆ ಕಾಯಿಲೆ ಋತುವಿನಿಂದ ಋತುವಿಗೆ ಏರಿಳಿಯುತ್ತಿತ್ತು. ಬರೀ ಕೊರತೆಯಾಗಿದ್ದರೆ ಹಾಗೆ ಏರಿಳಿಯಬಾರದು. ರೋಗಿಗಳಲ್ಲಿ ಕಾಕ್ಸಾಕಿ ಎಂಬ ವೈರಸ್ಸೂ ಸಿಕ್ಕಿತು.

ಅಮೆರಿಕದ ಮೆಲಿಂಡಾ ಬೆಕ್‌ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಹೃದಯಕ್ಕೆ ಏನೂ ಮಾಡದ ಸಾಧು ತಳಿಯ ಕಾಕ್ಸಾಕಿ ವೈರಸ್ಸನ್ನು ಸೆಲೆನಿಯಂ ಕೊರತೆಯ ಇಲಿಗಳಿಗೆ ಹಾಕಿದರೆ ಅವುಗಳ ಹೃದಯ ಹಾಳಾಯಿತು. ಇಲ್ಲಿಯವರೆಗೆ ಊಹಿಸಬಹುದಾದದ್ದೇ. ಆ ಇಲಿಗಳಿಂದ ತೆಗೆದ ವೈರಸ್ಸನ್ನು, ಮೇವಿನಲ್ಲಿ ಸೆಲೆನಿಯಂ ಚೆನ್ನಾಗಿದ್ದ ಆರೋಗ್ಯವಂತ ಇಲಿಗಳಿಗೆ ಹಾಕಿದರು. ಅವುಗಳ ಹೃದಯವೂ ಹಾಳಾಯಿತು. ವೈರಸ್ಸಿನ ವಂಶವಾಹಿಯನ್ನು ಓದಿದಾಗ ಆರು ಕಡೆ ಅಕ್ಷರ ಬದಲಾಗಿತ್ತು. ಸೊರಗಿದ ದೇಹದಲ್ಲಿ ವೈರಸ್‌ ತಾನೇ ಬದಲಾಗಿ ಕ್ರೂರವಾಗಿತ್ತು. ಒಬ್ಬರ ಪೌಷ್ಟಿಕ ಕೊರತೆ ಪಕ್ಕದ ಗಟ್ಟಿಮುಟ್ಟಿನವರಿಗೂ ಅಪಾಯವಾಗಬಹುದು ಎಂದಾಯಿತು. ಹಟ್ಟಿಯಲ್ಲೂ ಇದೇ ನ್ಯಾಯ ಇರಬಹುದು ಎಂಬುದು ನನ್ನ ಗುಮಾನಿ, ಪುರಾವೆ ಕೇಳಬೇಡಿ.

ನಮ್ಮ ನಾಡಿನಲ್ಲಿ ಕೊರತೆ ತುಂಬಿ ಗೆದ್ದ ಉದಾಹರಣೆಗಳು ಪಿಎಚ್‌ಸಿಯಲ್ಲೇ ಇವೆ. ಭೇದಿಯಾದ ಮಗುವಿಗೆ ಓಆರ್‌ಎಸ್‌ ಜೊತೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡುವುದು, ದಡಾರ ಬಂದ ಮಗುವಿಗೆ ವಿಟಮಿನ್‌ ಎ ಕೊಡುವುದು. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳಿಗೊಮ್ಮೆ ಅಕ್ಕಿ, ಬೇಳೆ, ಸೂಕ್ಷ್ಮ ಪೋಷಕಾಂಶದ ಮಾತ್ರೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39 ಇಳಿಯಿತೆಂದು 2023ರಲ್ಲಿ ಪ್ರಕಟವಾಯಿತು. ಯಾವ ಇಮ್ಯುನಿಟಿ ಬೂಸ್ಟರ್‌ ಡಬ್ಬಿಯೂ ಇಂಥ ಅಂಕಿ ತೋರಿಸಿಲ್ಲ, ಅದೂ ಅಕ್ಕಿ ಬೇಳೆಯ ಬೆಲೆಗೆ.

ನಿಮ್ಮ ಕ್ಯಾಪ್ಸೂಲ್‌ ಮುಗಿದ ಮೇಲೆ ಮತ್ತೆ ತರಬೇಡಿ, ಉಳಿದದ್ದನ್ನು ಎಸೆದರೂ ನಷ್ಟವಿಲ್ಲ. ವ್ಯಾಯಾಮ ಮಾಡುವವರಾದರೆ ಇನ್ನೊಂದು ಕಾರಣ: 2009ರ ಜರ್ಮನಿಯ ಅಧ್ಯಯನದಲ್ಲಿ ವಿಟಮಿನ್‌ ಸಿ, ಇ ನುಂಗುತ್ತಾ ವ್ಯಾಯಾಮ ಮಾಡಿದವರಿಗೆ, ವ್ಯಾಯಾಮದಿಂದ ಇನ್ಸುಲಿನ್‌ ಚೆನ್ನಾಗಿ ಕೆಲಸ ಮಾಡತೊಡಗುವ ಲಾಭ ಸಿಗಲಿಲ್ಲ. ಓಡಿದಾಗ ಹುಟ್ಟುವ ಅಷ್ಟಿಷ್ಟು ಆಕ್ಸಿಡೇಶನ್ನೇ ಮಾಂಸಖಂಡಕ್ಕೆ ಎಚ್ಚರಿಕೆಯ ಗಂಟೆ, ಮಾತ್ರೆ ಅದನ್ನು ಬಾಯಿ ಮುಚ್ಚಿಸುತ್ತದೆ. ಬ್ಯೂಟಿ ಕ್ಲಿನಿಕ್ಕುಗಳಲ್ಲಿ ಬಿಳಿಯಾಗಲು ಕೊಡುವ ಗ್ಲುಟಾಥಯೋನ್‌ (ಇದೂ ಆಂಟಿಆಕ್ಸಿಡೆಂಟೇ) ಡ್ರಿಪ್ಪಿನ ಬಗ್ಗೆ ನೀವು ಕೇಳಿಲ್ಲ, ಕೇಳುವ ಮುಂಚೆಯೇ ಹೇಳುತ್ತೇನೆ, ಬೇಡ.

ನಾಯಿ. ನಾಯಿ, ಬೆಕ್ಕು, ಹಸು ಎಲ್ಲವೂ ವಿಟಮಿನ್‌ ಸಿಯನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ಆ ವಂಶವಾಹಿ ಕೆಟ್ಟುಹೋಗಿರುವುದು ಮನುಷ್ಯ, ಮಂಗ, ಗಿನಿಪಿಗ್‌ನಂಥ ಕೆಲವರಲ್ಲಿ. ಸೆಲೆನಿಯಂ ಬೇರೆ ಮಾತು: ಅಗತ್ಯಕ್ಕೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಐದಾರು ನೂರು ಕಿಲೋ ತೂಗುವ ಹಸುವಿನ ಲೆಕ್ಕದ ಪುಡಿಯನ್ನು ಹದಿನೈದು ಕಿಲೋ ನಾಯಿಗೆ ಚಮಚದಲ್ಲಿ ಅಳೆಯಲಾಗದು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪಂದ್ಯಕ್ಕೆ ಸಿದ್ಧವಾಗಿದ್ದ 21 ಪೋಲೋ ಕುದುರೆಗಳು ಸತ್ತವು. ಶಕ್ತಿಗೆಂದು ಚುಚ್ಚಿದ ವಿಟಮಿನ್‌ ಮಿಶ್ರಣದಲ್ಲಿ ಸೆಲೆನಿಯಂ ಪ್ರಮಾಣ ತಪ್ಪಾಗಿತ್ತು. ಅದರ ಹಿಂದಿನ ವರ್ಷ ಅಮೆರಿಕದಲ್ಲೇ ಒಂದು ಪೌಷ್ಟಿಕ ದ್ರಾವಣದಲ್ಲಿ ಹೇಳಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಬಿದ್ದು, ಕುಡಿದ 200ಕ್ಕೂ ಹೆಚ್ಚು ಜನರಿಗೆ ಕೂದಲು ಉದುರಿತು, ಉಗುರು ಕೆಟ್ಟಿತು. ನಮ್ಮ ಪಂಜಾಬಿನ ಕೆಲವು ಹಳ್ಳಿಗಳಲ್ಲಂತೂ ಮಣ್ಣಿನಲ್ಲೇ ಸೆಲೆನಿಯಂ ಅತಿಯಾಗಿದ್ದು, ದನಗಳ ಕೊಂಬು ಗೊರಸು ಬಿಚ್ಚಿಹೋಗುತ್ತವೆ. ನಾಯಿಯ ಕೆಂಪು ರಕ್ತಕಣಗಳನ್ನು ಆಕ್ಸಿಡೇಶನ್ನಿನಿಂದ ಕಾಪಾಡಬೇಕೆಂದಿದ್ದರೆ ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನ ಹಾಕದಿದ್ದರೆ ಸಾಕು. ಬೆಕ್ಕಿದ್ದರೆ ಜ್ವರಕ್ಕೆಂದು ಪ್ಯಾರಾಸಿಟಮಾಲ್‌ ಎಂದೂ ಬೇಡ, ಒಂದೇ ಮಾತ್ರೆ ಕೊಲ್ಲಬಲ್ಲದು.

ಕೊನೆಗೆ, ಎರಡು ತಿಂಗಳಲ್ಲಿ ಕರು ಹಾಕುವ ಹಸು. ಈಗ ಅದರ ಹಾಲು ಬತ್ತಿಸುವ ಸಮಯ, ಕೆಲಸ ಇಂದೇ ಶುರುವಾಗಬೇಕು. ನೇಪಿಯರ್‌, ಮುಸುಕಿನ ಜೋಳ, ಕುದುರೆ ಮೆಂತೆ, ಯಾವುದಾದರೂ ಹಸಿರು ದಿನಾ ಬಾಯಿಗೆ ಬೀಳಲಿ. ಹಸಿ ಮೇವು ಸಿಗದಿದ್ದರೆ ಬರೀ ರಾಗಿ ಹುಲ್ಲಿಗಿಂತ ರಸಮೇವು (ಸೈಲೇಜ್‌) ಮೇಲು. ಬತ್ತಿದ ಹಸುವಿಗೆ ದಿನಕ್ಕೆ ಸುಮಾರು 1,000 ಐ.ಯು. ವಿಟಮಿನ್‌ ಇ, ಒಂದು ಕಿಲೋ ಒಣ ಮೇವಿನ ಲೆಕ್ಕಕ್ಕೆ 0.3 ಮಿ.ಗ್ರಾಂ ಸೆಲೆನಿಯಂ ಎಂಬುದು ಒಪ್ಪಿತ ಅಳತೆ. ಖನಿಜ ಮಿಶ್ರಣ ಕೊಳ್ಳುವುದಾದರೆ ನಮ್ಮ ಪ್ರದೇಶದ ಮಣ್ಣು ಮೇವಿನ ಕೊರತೆ ನೋಡಿ ಮಾಡಿದ್ದನ್ನು ಕೇಳಿ. ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಪ್ರದೇಶವಾರು ಮಿಶ್ರಣಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಹಾಲು ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್‌ ದ್ರಾವಣದಲ್ಲಿ ಅದ್ದುವುದು, ರಂಧ್ರ ಮುಚ್ಚಿಕೊಳ್ಳುವವರೆಗೆ ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಮೇವು ಹಾಕಿಡುವುದು, ನೆಲ ಒಣಗಿಸಿಡುವುದು, ಇವು ತಪ್ಪಿದರೆ ಯಾವ ವಿಟಮಿನ್ನೂ ಕೆಚ್ಚಲನ್ನು ಕಾಯದು.

ಕರು ಹಾಕುವ ಎರಡು ಮೂರು ವಾರ ಮುಂಚೆ ಡಾಕ್ಟರು ಇಂಜೆಕ್ಷನ್ನಿಗೆ ಬಂದಾಗ, ಅರ್ಧ ಉಳಿದಿರುವ ಆ ಪುಡಿಯ ಪೊಟ್ಟಣವನ್ನೂ ಈಗ ತಿನ್ನಿಸುತ್ತಿರುವ ಫೀಡು, ಖನಿಜ ಮಿಶ್ರಣದ ಚೀಲಗಳನ್ನೂ ಅವರ ಮುಂದಿಡಿ. ಕೆಲವದರಲ್ಲಿ ಸೆಲೆನಿಯಂ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಮೂರರಲ್ಲೂ ಇದ್ದರೆ ಇಂಜೆಕ್ಷನ್‌ ಬೇಕೇ ಬೇಡವೇ ಎಂದು ಅವರು ಅಲ್ಲೇ ಲೆಕ್ಕ ಹಾಕಿ ಹೇಳುತ್ತಾರೆ.